ಮೊಂಡು ಲಾಟು

ನರಸಿಂಹಯ್ಯನವರ ಬೆಂಚಿನ ಮೇಲೆ ಲೈಟಿರಲಿಲ್ಲ. ಪೀಣ್ಯ ಎರಡನೇ ಹಂತದ ಆ ಶೆಡ್ಡಿಗೆ ಹೊಸದಾಗಿ ಸೇರಿದವರು ಮೊದಲ ದಿನವೇ ಎಲೆಕ್ಟ್ರಿಷಿಯನ್ನನ್ನು ಹುಡುಕಿಕೊಂಡು ಹೋಗಿ, ಮೂಲೆಯ ಬೆಂಚಿನಲ್ಲಿ ಟ್ಯೂಬ್‌ಲೈಟ್ ಹೋಗಿದೆ ಎಂದು ದೂರು ಕೊಟ್ಟು ನಗೆಪಾಟಲಿಗೆ ಈಡಾಗುವುದು ಅಲ್ಲಿನ ಪದ್ಧತಿ. ಉಳಿದ ಬೆಂಚುಗಳಿಗೆಲ್ಲ ಎರಡೆರಡು ಲೈಟು, ಜೊತೆಗೊಂದು ಭೂತಗನ್ನಡಿ. ಆ ಒಂದು ಬೆಂಚಿಗೆ ಮಾತ್ರ ಏನೂ ಇಲ್ಲ. ಅಲ್ಲಿ ಕೂರುವವರಿಗೆ ಒಂಬತ್ತನೇ ವಯಸ್ಸಿಗೇ ಕಣ್ಣು ಹೋಗಿತ್ತು. ಲೈಟು ಹಾಕಿದರೆ ಸೊಳ್ಳೆಗಳಿಗೆ ಅನುಕೂಲ, ಅಷ್ಟೇ, ಎಂದು ಅವರೇ ತಮಾಷೆ ಮಾಡುತ್ತಿದ್ದರು.

ನೀಲಾಂಬಿಕಾ ಕೂಡ ಎರಡು ವರ್ಷದ ಹಿಂದೆ ಹಾಗೆ ದೂರು ಕೊಟ್ಟವಳೇ. ರಾಣೆಬೆನ್ನೂರಿನ ಕಡೆಯವಳು, ಈಗ ಅಪ್ಪ ಅಮ್ಮನ ಜೊತೆ ದಾಸರಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ವಾಸ. ವಯಸ್ಸು ಇಪ್ಪತ್ತಾರು, ಎಂ.ಟೆಕ್. ಓದಿದ್ದಳು, ಅದೂ ಚಿನ್ನದ ಪದಕದ ಸಮೀಪಕ್ಕೆ ಹೋಗಿ ಬಂದ ಓದು. ಶೆಡ್ಡಿನ ಇಪ್ಪತ್ತೆರಡು ಜನರಲ್ಲಿ ಡಿಸೈನ್ ಎಂಜಿನಿಯರ್ ಎಂದು ಅಚ್ಚು ಹಾಕಿಸಿದ ಕಾರ್ಡು ಇದ್ದದ್ದು ಅವಳೊಬ್ಬಳಿಗೇ. ಒಳ್ಳೆಯ ಹುಡುಗಿ. ಆದರೆ ಮೀಟರು ಒಂದು ಸಂಖ್ಯೆ ತೋರಿಸಿದ ಮೇಲೆ ಮನುಷ್ಯರು ಇನ್ನೇನಾದರೂ ಹೇಳಿದರೆ ಅವಳ ಮುಖದಲ್ಲಿ ಒಂದು ಸಣ್ಣ ನಗು ಬರುತ್ತಿತ್ತು. ಆ ನಗು ಎದುರಿಗಿದ್ದವರಿಗೆ ಕಾಣುತ್ತಿತ್ತು. ನರಸಿಂಹಯ್ಯನವರಿಗೆ ಕಾಣುತ್ತಿರಲಿಲ್ಲ, ಆದರೆ ಅವರಿಗೆ ಅದು ಕೇಳಿಸುತ್ತಿತ್ತು.

ಶೆಡ್ಡಿನ ಮಾಲೀಕ ವಿಶ್ವನಾಥ್ ತಯಾರಿಸುತ್ತಿದ್ದದ್ದು ಕಿವಿ ಮಂದವಾದ ಮಕ್ಕಳ ಶಾಲೆಗಳಿಗೆ ಬೇಕಾದ ರಿಸೀವರುಗಳನ್ನು. ಟೀಚರ ಕೊರಳಲ್ಲಿ ಒಂದು ಪುಟ್ಟ ಮೈಕು, ಸೊಂಟದಲ್ಲಿ ಟ್ರಾನ್ಸ್‌ಮಿಟರು. ಮಗುವಿನ ಜೇಬಿನಲ್ಲಿ ರಿಸೀವರು, ಕಿವಿಗೆ ಹೆಡ್‌ಫೋನು. ಒಂದೊಂದು ಕ್ಲಾಸಿಗೆ ಒಂದೊಂದು ಫ್ರೀಕ್ವೆನ್ಸಿ. ಮೂರನೇ ಕ್ಲಾಸಿನ ಮಗುವಿಗೆ ಮೂರನೇ ಕ್ಲಾಸಿನ ಟೀಚರ ದನಿ ಮಾತ್ರ ಕೇಳಬೇಕು, ಗೋಡೆಯಾಚೆಯದು ಕೇಳಬಾರದು. ಹೀಗೆ ಆರಿಸುವ ಕೆಲಸ ಒಂದು ಕಾಯಿಲು ಮತ್ತು ಒಂದು ಕೆಪ್ಯಾಸಿಟರಿನ ಜೋಡಿಯದು. ಎರಡೂ ಸೇರಿದರೆ ತಮಗೆ ಒಪ್ಪುವ ಒಂದು ಫ್ರೀಕ್ವೆನ್ಸಿಗೆ ಓಗೊಡುತ್ತವೆ, ಉಳಿದದ್ದನ್ನು ಹೊರಗೆ ನಿಲ್ಲಿಸುತ್ತವೆ. ಎಷ್ಟು ಕಟ್ಟುನಿಟ್ಟಾಗಿ ನಿಲ್ಲಿಸುತ್ತವೆ ಎನ್ನುವ ಅಳತೆಗೆ ಎಂಜಿನಿಯರುಗಳು ಕ್ಯೂ ಅನ್ನುತ್ತಾರೆ. ಕ್ಯೂ ಹೆಚ್ಚಾದರೆ ಬಾಗಿಲು ಕಿರಿದು, ಕಡಿಮೆಯಾದರೆ ಬಾಗಿಲು ಅಗಲ. ಆ ಬಾಗಿಲಿನ ಅಗಲವೇ ಬ್ಯಾಂಡ್‌ವಿಡ್ತ್. ಈ ಕಥೆಗೆ ಇಷ್ಟು ವಿದ್ಯೆ ಸಾಕು.

ಕಾಯಿಲಿನ ಒಳಗೆ ಪೆನ್ಸಿಲ್ ಚೂರಿನಷ್ಟು ಒಂದು ಕಪ್ಪು ತಿರುಪು ಇರುತ್ತದೆ. ಅದನ್ನು ಪ್ಲಾಸ್ಟಿಕ್ ಸ್ಕ್ರೂಡ್ರೈವರಿನಿಂದ ತಿರುಗಿಸುತ್ತ ಬಂದರೆ ಹೆಡ್‌ಫೋನಿನಲ್ಲಿ ಪರೀಕ್ಷೆಯ ಪೀಪಿ ಸದ್ದು ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ತುದಿಯಲ್ಲಿ ನಿಲ್ಲಿಸಿ ಒಂದು ತೊಟ್ಟು ಮೇಣ ಬಿಟ್ಟರೆ ಆ ರಿಸೀವರು ತನ್ನ ಕ್ಲಾಸಿಗೆ ಹೊಂದಿಕೊಂಡಂತೆ. ಮೂವತ್ತೊಂದು ವರ್ಷದಿಂದ ನರಸಿಂಹಯ್ಯ ಮಾಡುತ್ತಿದ್ದದ್ದು ಇದನ್ನೇ. ಚಿಕ್ಕಬಾಣಾವರದಿಂದ ಬೆಳಿಗ್ಗೆ ಹೆಂಡತಿ ಸುಬ್ಬಲಕ್ಷ್ಮಮ್ಮ ಬಸ್ಸು ಹತ್ತಿಸುತ್ತಿದ್ದರು. ಜಾಲಹಳ್ಳಿ ಕ್ರಾಸಿನಲ್ಲಿ ಶೆಡ್ಡಿನವರು ಯಾರಾದರೂ ಇಳಿಸಿಕೊಳ್ಳುತ್ತಿದ್ದರು. ಬೆಂಚಿನ ಮುಂದೆ ಕೂತ ಮೇಲೆ ಅವರಿಗೆ ಯಾರ ಕೈಯೂ ಬೇಕಿರಲಿಲ್ಲ.

ಆ ವರ್ಷ ವರ್ತೂರಿನ ಹತ್ತಿರದ ಒಂದು ಶಾಲೆ ಅರವತ್ತು ರಿಸೀವರುಗಳನ್ನು ಕೇಳಿತ್ತು. ನೀಲಾಂಬಿಕಾ ಹಳೆಯ ಡಿಸೈನನ್ನು ಬಿಚ್ಚಿ ಹೊಸದು ಮಾಡಿದಳು. ಹಳೆಯ ಟ್ರಾನ್ಸಿಸ್ಟರ್ ಮಾರುಕಟ್ಟೆಯಲ್ಲಿ ಸಿಗುತ್ತಿರಲಿಲ್ಲ, ಅದು ಬದಲಾಯಿತು. ಹಳೆಯ ಕಾಯಿಲಿಗೆ ಸುತ್ತಿನ ನಡುವಿನಿಂದ ಹೊರಬಂದ ಮೂರನೆಯ ಕಾಲೊಂದಿತ್ತು. ಅದನ್ನು ಸುತ್ತುವುದು ಕಷ್ಟ, ಶೆಡ್ಡಿನಲ್ಲಿ ಕಾಯಿಲು ಸುತ್ತುವ ಆಶಾರಾಣಿ ಮತ್ತು ಅವಳ ಜೊತೆಯ ಇಬ್ಬರು ಹೆಂಗಸರು ದಿನಕ್ಕೆ ಇಪ್ಪತ್ತು ಸುತ್ತಿದರೆ ಹೆಚ್ಚು. ಎರಡೇ ಕಾಲಿನ ರೆಡಿಮೇಡ್ ಕಾಯಿಲು ಅಂಗಡಿಯಲ್ಲಿ ಸಿಗುವಾಗ ಈ ನಡುಗಾಲು ಯಾಕೆ ಎಂದು ಅದನ್ನೂ ತೆಗೆದಳು. ಹೊಸ ಕಾಯಿಲನ್ನು ಮೀಟರಿಗೆ ಹಿಡಿದರೆ ಕ್ಯೂ ಎಪ್ಪತ್ತು; ಹಳೆಯದು ಐವತ್ತೈದು ದಾಟುತ್ತಿರಲಿಲ್ಲ. ಹುಡುಗಿ ಖುಷಿಯಾಗಿ ರಿಪೋರ್ಟಿಗೆ ಸಹಿ ಹಾಕಿದಳು. ಕೊನೆಗಳಿಗೆಯಲ್ಲಿ ವಿಶ್ವನಾಥ್ ಸದ್ದು ಇನ್ನೂ ಜೋರು ಬೇಕು ಎಂದಾಗ ಟ್ರಾನ್ಸಿಸ್ಟರಿಗೆ ಕರೆಂಟು ಏರಿಸಿದಳು. ಸದ್ದು ಜೋರಾಯಿತು. ಎಲ್ಲರಿಗೂ ಸಂತೋಷ.

ಹೊಸ ರಿಸೀವರುಗಳ ಲಾಟು ಅಲೈನ್‌ಮೆಂಟಿಗೆ, ಅಂದರೆ ತಿರುಪು ಹೊಂದಿಸುವ ಕೆಲಸಕ್ಕೆ, ಬಂದ ಎರಡನೇ ದಿನ ನರಸಿಂಹಯ್ಯ ಅವಳನ್ನು ಕರೆದು ಒಂದು ಮಾತು ಹೇಳಿದ್ದರು.

“ಈ ಲಾಟು ಯಾಕೋ ಮೊಂಡಾಗೈತೆ ಮೇಡಂ.”

ಕ್ಯೂ ಎಪ್ಪತ್ತಿದೆ ಎಂದು ಅವಳು ಹೇಳಿದಳು. ಮೀಟರಿನಲ್ಲಿ ತಾನೇ ನೋಡಿದ್ದೇನೆ, ಹಳೆಯದಕ್ಕಿಂತ ಚೆನ್ನಾಗಿದೆ ಎಂದೂ ಹೇಳಿದಳು. ಅವರು ತಲೆಯಾಡಿಸಿ ಹೆಡ್‌ಫೋನ್ ಏರಿಸಿಕೊಂಡರು. ಅವಳಿಗೆ ಆ ಮಾತು ಅಲ್ಲಿಗೇ ಮರೆತುಹೋಯಿತು.

ದಸರಾ ರಜೆಗೆ ಮೊದಲಿನ ಕೊನೆಯ ದಿನ ವಿಶ್ವನಾಥ್ ಮತ್ತು ಅವಳು ರಿಸೀವರುಗಳನ್ನು ಶಾಲೆಗೆ ಒಯ್ದು, ಮೂರನೇ ಮತ್ತು ನಾಲ್ಕನೇ ಕ್ಲಾಸಿಗೆ ಹಂಚಿ ಪರೀಕ್ಷೆ ಮಾಡಿದರು. ಮೂರನೇ ಕ್ಲಾಸಿನಲ್ಲಿ ಶಾಂತಿ ಟೀಚರು ಉಕ್ತಲೇಖನ ಹೇಳುತ್ತಿದ್ದರು. ಪಕ್ಕದಲ್ಲಿ ಮಗ್ಗಿ ನಡೆಯುತ್ತಿತ್ತು. ಹತ್ತು ನಿಮಿಷದ ನಂತರ ಶಾಂತಿ ಟೀಚರು ಮಕ್ಕಳ ಸ್ಲೇಟುಗಳನ್ನು ತಂದು, ಒಂದು ಮಾತೂ ಆಡದೆ ವಿಶ್ವನಾಥರ ಮುಂದೆ ಇಟ್ಟರು. ನವಿಲು, ಮೊಲ, ಇಪ್ಪತ್ತೆಂಟು, ಗಿಳಿ, ಮೂವತ್ತೈದು. ಎಲ್ಲ ಸ್ಲೇಟಿನಲ್ಲೂ ಇದೇ ಕಥೆ. ಮುಂದಿನ ಸಾಲಿನ ಒಬ್ಬ ಹುಡುಗಿ ಹೆಡ್‌ಫೋನ್ ತೆಗೆದು ಬ್ಯಾಗಿನಲ್ಲಿಟ್ಟು ಜಿಪ್ಪು ಎಳೆದುಬಿಟ್ಟಳು. ಅವಳಿಗೆ ಕೋಪವಿರಲಿಲ್ಲ, ಸುಸ್ತಾಗಿತ್ತು. ಇಬ್ಬರು ಒಟ್ಟಿಗೆ ಕಿವಿಯೊಳಗೆ ಮಾತಾಡಿದರೆ ಯಾರಿಗೆ ತಾನೇ ಸುಸ್ತಾಗುವುದಿಲ್ಲ?

ಶೆಡ್ಡಿನಲ್ಲಿ ಇದು ಯಾಕೆ ಗೊತ್ತಾಗಲಿಲ್ಲ ಎಂದು ಕೇಳಬಹುದು. ಶೆಡ್ಡಿನಲ್ಲಿ ಇದ್ದದ್ದು ಒಂದೇ ಪರೀಕ್ಷೆಯ ಟ್ರಾನ್ಸ್‌ಮಿಟರು. ಒಂದು ಕ್ಲಾಸಿನ ರಿಸೀವರು ಮುಗಿದ ಮೇಲೆ ಅದರ ಫ್ರೀಕ್ವೆನ್ಸಿ ಬದಲಾಯಿಸಿ ಇನ್ನೊಂದು ಕ್ಲಾಸಿನದನ್ನು ನೋಡುವುದು ರೂಢಿ. ಎರಡು ಟೀಚರುಗಳು ಒಟ್ಟಿಗೆ ಮಾತಾಡುವ ಶಾಲೆ ಪೀಣ್ಯದಲ್ಲಿ ಇರಲೇ ಇಲ್ಲ. ಹಳೆಯ ಡಿಸೈನಿನಲ್ಲಿ ತೊಂದರೆ ಬರದಿದ್ದುದರಿಂದ ಯಾರಿಗೂ ಅದು ಹೊಳೆದಿರಲಿಲ್ಲ. ಮಾಲೀಕರಿಗೂ ಇಲ್ಲ, ಎಂ.ಟೆಕ್. ಗೂ ಇಲ್ಲ.

ಹದಿನೈದು ದಿನದಲ್ಲಿ ಶಾಲೆ ಮತ್ತೆ ತೆರೆಯುತ್ತದೆ, ಅಂದು ಸರಿಯಿದ್ದರೆ ಇಟ್ಟುಕೊಳ್ಳುತ್ತೇವೆ, ಇಲ್ಲದಿದ್ದರೆ ಎಲ್ಲವನ್ನೂ ವಾಪಸ್ ಒಯ್ಯಿರಿ ಎಂದು ಶಾಂತಿ ಟೀಚರು ಮೆತ್ತಗೆ ಹೇಳಿದರು. ಮೆತ್ತಗೆ ಹೇಳಿದ್ದೇ ಹೆಚ್ಚು ನೋಯಿಸಿತು.

ಅಂದು ಸಂಜೆ, ರಿಸೀವರುಗಳನ್ನೆಲ್ಲ ಶೆಡ್ಡಿಗೆ ವಾಪಸ್ ತಂದಿಳಿಸಿದ ಮೇಲೆ, ಕ್ಯಾಬಿನ್ನಿನಲ್ಲಿ ವಿಶ್ವನಾಥ್ ತಲೆ ಮೇಲೆ ಕೈ ಹೊತ್ತು ಕೂತು, ಏನಾಗಿರಬಹುದು ಎಂದು ಕೇಳಿದರು. ನೀಲಾಂಬಿಕಾಳ ಕಣ್ಣ ಮುಂದೆ ಆ ಸ್ಲೇಟುಗಳೇ ಇದ್ದವು. ಅವಳಿಗೆ ಭಯವಾಗಿತ್ತು. ಭಯದಲ್ಲಿ ಮನುಷ್ಯ ಕೈಗೆ ಸಿಕ್ಕ ಮೊದಲ ಕಂಬವನ್ನು ತಬ್ಬಿಕೊಳ್ಳುತ್ತಾನೆ. ಅವಳೂ ತಬ್ಬಿಕೊಂಡಳು.

“ಅಲೈನ್‌ಮೆಂಟ್ ಇರ್ಬೋದು ಸಾರ್. ಡಿಸೈನ್ ನಾನು ಎರಡು ಸಲ ಚೆಕ್ ಮಾಡಿದೀನಿ.”

ವಿಶ್ವನಾಥ್ ತಮಗೆ ತಾವೇ ಹೇಳಿಕೊಳ್ಳುವಂತೆ, ನರಸಿಂಹಯ್ಯನಿಗೂ ಐವತ್ತೇಳಾಯಿತು, ಕಿವಿ ಎಷ್ಟು ದಿನ ಒಂದೇ ಥರ ಇರುತ್ತದೆ ಎಂದರು. ಸ್ವಯಂಚಾಲಿತ ಅಲೈನ್‌ಮೆಂಟ್ ಯಂತ್ರದ ಕೊಟೇಶನ್ ಬಂದು ಆರು ತಿಂಗಳಾಗಿತ್ತು. ಮುಂದಿನ ತಿಂಗಳು ತರಿಸಿಬಿಡೋಣ ಎಂದರು. ನರಸಿಂಹಯ್ಯನನ್ನು ಪ್ಯಾಕಿಂಗಿಗೆ ಹಾಕಿದರಾಯಿತು, ಸಂಬಳ ಕಡಿಮೆ ಮಾಡುವುದು ಬೇಡ ಎಂದರು. ಕೆಟ್ಟ ಮನುಷ್ಯನಲ್ಲ ವಿಶ್ವನಾಥ್. ಸಂಬಳ ಉಳಿದರೆ ಎಲ್ಲವೂ ಉಳಿದಂತೆ ಎಂದು ಅವರಿಗೆ ನಿಜವಾಗಿ ಅನ್ನಿಸಿತ್ತು. ಮೂವತ್ತೊಂದು ವರ್ಷ ತನ್ನ ಕಿವಿಯಿಂದ ಊಟ ಮಾಡಿದವನಿಗೆ ಡಬ್ಬಕ್ಕೆ ಟೇಪು ಅಂಟಿಸಲು ಕೊಟ್ಟರೆ ಅದು ಸಂಬಳವಲ್ಲ, ದಾನವಾಗುತ್ತದೆ ಎನ್ನುವುದು ಅವರಿಗೆ ತೋಚಲಿಲ್ಲ. ನೀಲಾಂಬಿಕಾಳಿಗೆ ತೋಚಿತು. ಆದರೂ ಅವಳು ಸುಮ್ಮನೆ ಎದ್ದು ಬಂದಳು.

ರಾತ್ರಿ ಊಟದ ತಟ್ಟೆಯ ಮುಂದೆ ಅವಳು ರೊಟ್ಟಿ ಮುರಿದು ಮುರಿದು ಇಡುತ್ತಿದ್ದುದನ್ನು ನೋಡಿ ಅಮ್ಮ ಮಹಾದೇವಿ, ಯಾಕವಾ, ಊಟ ಸೇರವಲ್ದೇನು ಎಂದು ಕೇಳಿದರು. ತಲೆನೋವು ಎಂದಳು. ತಲೆ ಚೆನ್ನಾಗಿಯೇ ಇತ್ತು.

ಮಾರನೆಯ ಬೆಳಿಗ್ಗೆ ಅವಳು ನರಸಿಂಹಯ್ಯನವರ ಬೆಂಚಿಗೆ ಹೋದದ್ದು, ನಿಜ ಹೇಳಬೇಕೆಂದರೆ, ಅವರ ತಪ್ಪನ್ನು ಹಿಡಿಯಲು. ಹತ್ತು ರಿಸೀವರುಗಳ ತಿರುಪನ್ನು ತಾನೇ ಅಳೆದು, ಇಷ್ಟಿಷ್ಟು ಆಚೀಚೆ ಇವೆ ಎಂದು ಪಟ್ಟಿ ಮಾಡಿಬಿಟ್ಟರೆ ಮನಸ್ಸಿಗೆ ನೆಮ್ಮದಿಯಾಗುತ್ತದೆ ಎಂದುಕೊಂಡಿದ್ದಳು. ಪ್ಯಾಕಿಂಗಿನ ಸುದ್ದಿ ಅವರಿಗೆ ಆಗಲೇ ತಲುಪಿತ್ತು. ಬಾಗಿಲಲ್ಲೇ ವಿಶ್ವನಾಥ್ ಹೇಳಿದ್ದರಂತೆ. ಸುಬ್ಬಲಕ್ಷ್ಮಮ್ಮನಿಗೆ ಇನ್ನೂ ಹೇಳಬಾರದೆಂದು ಅವರು ಆಶಾರಾಣಿಯನ್ನು ಕೇಳಿಕೊಂಡಿದ್ದನ್ನು ನೀಲಾಂಬಿಕಾ ದಾಟಿ ಬರುವಾಗ ಕೇಳಿಸಿಕೊಂಡಳು.

ಅವಳ ಹೆಜ್ಜೆ ಸದ್ದು ಕೇಳುತ್ತಲೇ ಅವರು ಪಕ್ಕದ ಸ್ಟೂಲು ಎಳೆದರು. ಕೂತಳು. ಅವರು ಹೆಡ್‌ಫೋನ್ ತೆಗೆದು ಅವಳ ಕೈಗಿಟ್ಟು, ಆಮೇಲೆ ಆ ಪ್ಲಾಸ್ಟಿಕ್ ಸ್ಕ್ರೂಡ್ರೈವರನ್ನೂ ಇಟ್ಟರು. ಎರಡು ವರ್ಷದಲ್ಲಿ ಅವಳು ಅದನ್ನು ಒಂದು ಸಲವೂ ಹಿಡಿದಿರಲಿಲ್ಲ. ಹಿಡಿ ಸವೆದು ಅವರ ಬೆರಳಿನ ಅಚ್ಚು ಬಿದ್ದಿತ್ತು.

ಕಣ್ಣು ಮುಚ್ಚಿಕೊಳ್ಳಲೇ ಎಂದು ಕೇಳಿದಳು.

“ಅದು ನಿಮ್ಮಿಷ್ಟ ಮೇಡಂ. ನಂಗೇನೂ ವ್ಯತ್ಯಾಸ ಇಲ್ಲ,” ಎಂದು ಅವರು ನಕ್ಕರು.

ಮೊದಲು ಹಳೆಯ ಮಾಡೆಲಿನ ಒಂದು ರಿಸೀವರು ಕೊಟ್ಟರು. ಅವಳು ತಿರುಗಿಸಿದಳು. ಸದ್ದು ಏರಿತು, ಏರಿ ತುದಿ ಮುಟ್ಟಿತು, ಇನ್ನೊಂದು ಕಾಲು ತಿರುವಿಗೆ ಜಾರಿ ಇಳಿದುಹೋಯಿತು. ಹಿಂದಕ್ಕೆ ಬಂದರೆ ಮತ್ತೆ ಅದೇ ತುದಿ. ಕೈಗೆ ಒಂದು ದಿಣ್ಣೆ ಸಿಕ್ಕಂತೆ ಇತ್ತು. ಆಮೇಲೆ ಹೊಸ ಲಾಟಿನದು ಕೊಟ್ಟರು. ಮೇಣ ಕೆರೆದು ತಿರುಗಿಸಿದಳು. ಕಾಲು ತಿರುವು, ಅರ್ಧ, ಒಂದು ಪೂರ್ತಿ ಸುತ್ತು. ಸದ್ದು ಏರಲೂ ಇಲ್ಲ, ಇಳಿಯಲೂ ಇಲ್ಲ. ಜೋರಾಗಿ ಒಂದೇ ಸಮನೆ ಕೂಗುತ್ತಿತ್ತು. ಒಂದೂವರೆ ಸುತ್ತಿನ ಮೇಲೆ ಸ್ವಲ್ಪ ತಗ್ಗಿದಂತೆ ಅನಿಸಿತು. ತುದಿ ಎಲ್ಲಿ ಎಂದು ಅವಳಿಗೆ ಹೇಳಲಾಗಲಿಲ್ಲ. ಇನ್ನೊಂದು ತೆಗೆದುಕೊಂಡಳು. ಅದೂ ಹಾಗೇ. ಐದನೆಯದನ್ನು ಕೆಳಗಿಟ್ಟ ಮೇಲೆ ಆರನೆಯದನ್ನು ಅವಳು ಎತ್ತಿಕೊಳ್ಳಲಿಲ್ಲ. ತಪ್ಪಾಗಿ ನಿಲ್ಲಿಸಿದ್ದಾರೆ ಎನ್ನಲು ಸರಿಯಾದ ಜಾಗವಾದರೂ ಇರಬೇಕಲ್ಲ.

“ಆದ್ರೆ ಕಾಯಿಲ್ ಚೆನ್ನಾಗಿದೆ ನರಸಿಂಹಣ್ಣ. ಎಪ್ಪತ್ತು ಬಂತು.”

“ಕಾಯಿಲು ಚೆನ್ನಾಗೇ ಐತೆ. ನೀವು ಅದನ್ನ ಒಂಟಿಯಾಗಿ ಅಳ್ದಿದ್ದೀರ. ನಾನು ಒಂದ್ ದಿನವೂ ಒಂಟಿ ಕಾಯಿಲ ಮುಟ್ಟಿಲ್ಲ. ನನ್ ಕೈಗೆ ಬರೋವತ್ಗೆ ಅದಕ್ಕೆ ಟ್ರಾನ್ಸಿಸ್ಟರ್ ಗಂಟು ಬಿದ್ದಿರ್ತದೆ.”

ಆಮೇಲೆ ಅವರು ಚಿಕ್ಕಬಾಣಾವರದ ತಮ್ಮ ಮನೆಯ ಮುಂದಿನ ಹುಣಸೆಮರದ ಉಯ್ಯಾಲೆಯ ವಿಷಯ ತೆಗೆದರು. ಉಯ್ಯಾಲೆಯನ್ನು ತೂಗಿ ಬಿಟ್ಟುಬಿಟ್ಟರೆ ಅದು ತನ್ನ ಲೆಕ್ಕದಲ್ಲಿ ಎಷ್ಟೋ ಹೊತ್ತು ಆಡುತ್ತದೆ. ತೂಗುವವನು ಹಲಗೆಯನ್ನೇ ಹಿಡಿದುಕೊಂಡು ನಿಂತರೆ ಎರಡು ಸಲಕ್ಕೆ ಸುಸ್ತಾಗಿ ನಿಲ್ಲುತ್ತದೆ. ಅದೇ ಮೇಲುಗಡೆ, ಕೊಂಬೆಯ ಹತ್ತಿರ ಹಗ್ಗಕ್ಕೆ ಕೈಯಿಟ್ಟು ತೂಗಿದರೆ, ಕೈ ಅಲ್ಲೇ ಇದ್ದರೂ ಉಯ್ಯಾಲೆಗೆ ಅದರ ಭಾರ ತಿಳಿಯುವುದಿಲ್ಲ. ಹಳೆಯ ಕಾಯಿಲಿಗೆ ನಡುಗಾಲು ಇದ್ದದ್ದು ಅದಕ್ಕೇ. ಟ್ರಾನ್ಸಿಸ್ಟರು ಅಲ್ಲಿ ಕೈಯಿಡುತ್ತಿತ್ತು. ಈಗ ಹಲಗೆಯನ್ನೇ ಹಿಡಿದಿದೆ, ಅದೂ ಮೊದಲಿಗಿಂತ ಗಟ್ಟಿಯಾಗಿ.

ಗಟ್ಟಿಯಾಗಿ ಎಂಬ ಮಾತಿಗೆ ನೀಲಾಂಬಿಕಾಳಿಗೆ ಕೊನೆಗಳಿಗೆಯಲ್ಲಿ ತಾನು ಏರಿಸಿದ್ದ ಕರೆಂಟು ನೆನಪಾಯಿತು. ಕರೆಂಟು ಏರಿಸಿದರೆ ಟ್ರಾನ್ಸಿಸ್ಟರಿನ ಒಳಗಿನ ಅಡ್ಡಿ ಇಳಿಯುತ್ತದೆ, ಅದು ಕಾಯಿಲಿನ ಮೇಲೆ ಹೊರೆಯಾಗುತ್ತದೆ. ಅದು ಅವಳಿಗೆ ಗೊತ್ತಿಲ್ಲದ ವಿಷಯವಲ್ಲ. ಪರೀಕ್ಷೆಯಲ್ಲಿ ಎರಡು ಪುಟ ಬರೆದು ಪೂರ್ತಿ ಅಂಕ ತೆಗೆದಿದ್ದ ವಿಷಯ. ಅವಳು ಎದ್ದು ಹೋಗಿ ಒಂದು ರಿಸೀವರಿಗೆ ಕರೆಂಟು ತಗ್ಗಿಸುವ ತಿರುಗುಗುಂಡಿ ಹಚ್ಚಿ ತಂದು, ನರಸಿಂಹಯ್ಯನವರ ಕೈಗೆ ಸ್ಕ್ರೂಡ್ರೈವರು ಕೊಟ್ಟು, ತಾನು ಗುಂಡಿ ಇಳಿಸುತ್ತ ಬಂದಳು. ಅವರ ಹುಬ್ಬು ಮೇಲೇರಿತು. ಈಗ ದಿಣ್ಣೆ ಸಿಗುತ್ತಿದೆ ಎಂದರು. ಇನ್ನಷ್ಟು ಇಳಿಸಿದಳು. ಇನ್ನೂ ಚೂಪಾಯಿತು ಎಂದರು. ಪೂರ್ತಿ ಏರಿಸಿದಳು. ಹೋಯಿತು ಎಂದರು.

ಆಮೇಲೆ ಪವರ್ ಕೊಟ್ಟುಕೊಂಡೇ, ಮೀಟರಿನ ತುದಿ ಕಾಯಿಲಿಗೆ ತಾಗದಂತೆ ದೂರದಿಂದ ಹಿಡಿದು ಅವಳು ಅಳೆದಳು. ಬಾಗಿಲು ಹತ್ತು ಕಿಲೋಹರ್ಟ್ಸ್ ಇರಬೇಕಾದ ಕಡೆ ಇಪ್ಪತ್ತೆಂಟು. ಪಕ್ಕದ ಕ್ಲಾಸು ಇದ್ದದ್ದೇ ಇಪ್ಪತ್ತು ಕಿಲೋಹರ್ಟ್ಸ್ ಆಚೆಗೆ. ಎಪ್ಪತ್ತು ಎಂದು ಬರೆದು ಸಹಿ ಮಾಡಿದ್ದ ಕ್ಯೂ, ಬರಿಯ ಎಂಟು.

ಶೆಡ್ಡಿನ ಹಿಂದಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಅವಳು ಒಂದೈದು ನಿಮಿಷ ಅಲ್ಲೇ ನಿಂತಳು. ಸುಲಭದ ದಾರಿಗಳು ಇದ್ದವು. ಕರೆಂಟು ಸ್ವಲ್ಪ ತಗ್ಗಿಸಿ, ಅಲೈನ್‌ಮೆಂಟು ಮತ್ತೆ ಮಾಡಿಸಿ, ಸರಿಹೋಯಿತು ಎಂದುಬಿಡಬಹುದಿತ್ತು. ಕಾಯಿಲಿನ ಸಪ್ಲೈಯರ್ ಮೇಲೆ ಹಾಕಬಹುದಿತ್ತು. ಆಗ ನರಸಿಂಹಯ್ಯ ಒಂದನೇ ತಾರೀಖಿಗೆ ಪ್ಯಾಕಿಂಗಿಗೆ ಹೋಗುತ್ತಿದ್ದರು, ಅವಳ ಕಾರ್ಡು ಹಾಗೇ ಉಳಿಯುತ್ತಿತ್ತು. ಅದನ್ನು ನೆನೆದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಒದ್ದೆ ಮುಖದಲ್ಲೇ ಕ್ಯಾಬಿನ್ನಿಗೆ ಹೋದಳು.

“ತಪ್ಪು ನಂದು ಸಾರ್. ನಡುಗಾಲು ತೆಗೆದಿದ್ದು ನಾನು, ಕರೆಂಟ್ ಜಾಸ್ತಿ ಮಾಡಿದ್ದೂ ನಾನು. ಅವರು ಮೂರು ವಾರದ ಹಿಂದೇನೇ ಲಾಟು ಮೊಂಡು ಅಂತ ಹೇಳಿದ್ರು. ನಾನು ಕಿವಿಗೆ ಹಾಕ್ಕೊಳ್ಲಿಲ್ಲ.”

ವಿಶ್ವನಾಥ್ ಅವಳನ್ನು ನೋಡಿದರು, ಅವಳು ತಂದಿದ್ದ ಗ್ರಾಫನ್ನು ನೋಡಿದರು. ಸಿಟ್ಟು ಬಂತು, ಕುತ್ತಿಗೆ ಕೆಂಪಾಯಿತು. ಆದರೆ ಬಾಯಿಂದ ಹೊರಟದ್ದು ಬೇರೆಯೇ ಮಾತು. ಬೆಳಿಗ್ಗೆ ಬಾಗಿಲಲ್ಲಿ ಪ್ಯಾಕಿಂಗಿನ ವಿಷಯ ಹೇಳಿದಾಗ ನರಸಿಂಹಯ್ಯ ಇದನ್ನೆಲ್ಲ ತನಗೆ ಹೇಳಬಹುದಿತ್ತಲ್ಲ, ಸರಿ ಸಾರ್ ಎಂದಷ್ಟೇ ಹೇಳಿ ಒಳಗೆ ಹೋದರಲ್ಲ ಎಂದು ಅವರು ಎರಡು ಸಲ ಹೇಳಿದರು. ಆಮೇಲೆ, ಯಾರನ್ನು ಬೈಯಬೇಕು ಎನ್ನುವುದನ್ನು ರಜೆ ಮುಗಿದ ಮೇಲೆ ನೋಡೋಣ, ಎಷ್ಟು ದಿನ ಬೇಕು ಎಂದು ಕೇಳಿದರು. ಹನ್ನೆರಡು ದಿನ ಎಂದಳು.

ಅರವತ್ತು ರಿಸೀವರು, ಒಂದೊಂದಕ್ಕೆ ಎರಡು ಕಾಯಿಲು, ಒಟ್ಟು ನೂರಿಪ್ಪತ್ತು. ಅಟ್ಟಕ್ಕೆ ಹಾಕಿದ್ದ ಸುತ್ತುವ ಯಂತ್ರಗಳನ್ನು ಇಳಿಸಿ ಆಶಾರಾಣಿ ಎಣ್ಣೆ ಬಿಟ್ಟಳು. ನಡುಗಾಲು ಬೇಡ ಅಂದಿದ್ದೂ ನೀವೇ, ಬೇಕು ಅನ್ನೋದೂ ನೀವೇ ಎಂದು ನೀಲಾಂಬಿಕಾಳನ್ನು ಅವಳು ದಿನಕ್ಕೆ ಮೂರು ಸಲ ರೇಗಿಸಿದಳು. ನೀಲಾಂಬಿಕಾ ಅಷ್ಟೂ ಸಲ ಹೌದು ಅಕ್ಕ ಎಂದಳು. ಬೋರ್ಡಿನಲ್ಲಿ ಮೂರನೇ ಕಾಲಿಗೆ ತೂತಿರಲಿಲ್ಲ. ಹಳೆಯ ದಾರಿಯನ್ನು ಬ್ಲೇಡಿನಿಂದ ಕತ್ತರಿಸಿ, ಟ್ರಾನ್ಸಿಸ್ಟರಿನಿಂದ ನಡುಗಾಲಿಗೆ ಒಂದು ತುಂಡು ತಂತಿ ಬೆಸೆಯುವ ಕೆಲಸವನ್ನು ಅವಳೇ ಕೂತು ಮಾಡಿದಳು.

ನಡುಗಾಲು ಎಷ್ಟನೇ ಸುತ್ತಿನಲ್ಲಿ ಹೊರಬರಬೇಕು ಎನ್ನುವುದೇ ದೊಡ್ಡ ಪ್ರಶ್ನೆಯಾಗಿತ್ತು. ಟ್ರಾನ್ಸಿಸ್ಟರು ಹೊಸದಾದ್ದರಿಂದ ಹಳೆಯ ಲೆಕ್ಕ ಹೊಂದುತ್ತಿರಲಿಲ್ಲ. ಮೊದಲ ಪ್ರಯತ್ನದಲ್ಲಿ ಅವಳು ನಡುಗಾಲನ್ನು ತೀರಾ ಮೇಲಕ್ಕೆ, ಉಯ್ಯಾಲೆಯ ಕೊಂಬೆಯ ಕಡೆಗೆ, ಒಯ್ದಳು; ಬಾಗಿಲು ಎಷ್ಟು ಕಿರಿದಾಯಿತೆಂದರೆ ಮೀಟರಿನ ಗೆರೆ ಸೂಜಿಯ ಮೊನೆಯಂತೆ ನಿಂತಿತು. ಅವಳಿಗೆ ಬಹಳ ಹೆಮ್ಮೆಯಾಯಿತು. ನರಸಿಂಹಯ್ಯ ಪೀಪಿ ಸದ್ದು ಬೇಡ, ಮನುಷ್ಯರ ಮಾತು ಹಾಕಿ ಎಂದರು. ಆಶಾರಾಣಿ ಮೈಕು ಹಿಡಿದು ಒಂದಷ್ಟು ಮಾತಾಡಿದಳು. ಅವರು ಕೇಳಿ ತಲೆ ಅಲ್ಲಾಡಿಸಿದರು. ಸ, ಶ, ಚ ಇವುಗಳ ಸುಳಿವೇ ಇಲ್ಲ, ಮಾತೆಲ್ಲ ಕಂಬಳಿ ಹೊದ್ದಂತಿದೆ, ಸರಿಯಾಗಿ ಕೇಳದ ಮಕ್ಕಳಿಗೆ ಇದ್ದಬದ್ದ ಅಕ್ಷರವನ್ನೂ ಕಿತ್ತುಕೊಳ್ಳಬಾರದು ಎಂದರು. ಹಾಗೆ ಮೂರು ದಿನ ನಡೆಯಿತು. ಅವಳು ನಾಲ್ಕು ಸುತ್ತು ಕೆಳಗೆ ತಂದರೆ ಅವರು ಕೇಳುವರು, ಅವರು ಸಾಲದು ಎಂದರೆ ಅವಳು ಅಳೆಯುವಳು. ಕಡೆಗೆ ಇಪ್ಪತ್ತೆರಡನೇ ಸುತ್ತಿನಲ್ಲಿ ಅವಳ ಮೀಟರು ಹನ್ನೊಂದು ಕಿಲೋಹರ್ಟ್ಸ್ ಎಂದಿತು, ಅವರ ಕಿವಿ ಹೂಂ ಎಂದಿತು.

ಆ ಮೂರು ದಿನಗಳಲ್ಲಿ ಅವಳು ಕಾಲೇಜಿನ ಆರು ವರ್ಷದಲ್ಲಿ ಕಲಿತದ್ದನ್ನೆಲ್ಲ ಮತ್ತೊಮ್ಮೆ ಕಲಿತಳು. ಈ ಸಲ ಬೆರಳಿನಿಂದ. ನರಸಿಂಹಯ್ಯ ಪಾಠ ಮಾಡುತ್ತಿರಲಿಲ್ಲ. ಇದನ್ನ ಒಂಚೂರು ಮುಟ್ಟಿ ನೋಡಿ, ಇದನ್ನ ಕೇಳಿ ಎನ್ನುತ್ತಿದ್ದರು. ಅವಳಿಗೆ ಗೊತ್ತಾಗುವ ತನಕ ಕಾಯುತ್ತಿದ್ದರು, ಗೊತ್ತಾದ ಮೇಲೆ ಮುಂದಿನದಕ್ಕೆ ಹೋಗುತ್ತಿದ್ದರು. ಇಷ್ಟು ತಾಳ್ಮೆಯಿಂದ ಯಾರೂ ತನಗೆ ಏನನ್ನೂ ಕಲಿಸಿರಲಿಲ್ಲ ಎಂದು ಅವಳಿಗೆ ಬಸ್ಸಿನಲ್ಲಿ ಕೂತಾಗ ಅನಿಸಿತು. ಜೊತೆಗೆ ಮನಸ್ಸಿನಲ್ಲಿ ಒಂದು ಮುಳ್ಳು. ವಿಶ್ವನಾಥರಿಗೆ ಎಲ್ಲವನ್ನೂ ಒಪ್ಪಿಕೊಂಡಿದ್ದಳು. ನರಸಿಂಹಯ್ಯನವರಿಗೆ ಒಂದು ವಿಷಯ ಹೇಳಿರಲಿಲ್ಲ: ಪ್ಯಾಕಿಂಗಿನ ಮಾತು ಹುಟ್ಟಿದ್ದು ತನ್ನ ಬಾಯಿಂದ ಎಂದು. ಪ್ರತಿದಿನ ಬೆಳಿಗ್ಗೆ ಹೇಳಬೇಕೆಂದು ಹೊರಡುತ್ತಿದ್ದಳು. ಅವರು ಸ್ಟೂಲು ಎಳೆಯುತ್ತಿದ್ದರು. ಅವಳು ಕೂತು ಹೆಡ್‌ಫೋನ್ ಏರಿಸಿಕೊಳ್ಳುತ್ತಿದ್ದಳು.

ನಡುವೆ ಆಯುಧಪೂಜೆ ಬಂತು. ಪೀಣ್ಯದಲ್ಲಿ ಆವತ್ತು ಲೇತ್ ಮಿಷನ್ನಿನಿಂದ ಹಿಡಿದು ಸ್ಟೇಪ್ಲರಿನವರೆಗೆ ಎಲ್ಲಕ್ಕೂ ಕುಂಕುಮ, ಸೇವಂತಿಗೆ. ಪ್ರತಿವರ್ಷ ವಿಶ್ವನಾಥ್ ಮೊದಲ ಆರತಿ ಎತ್ತುತ್ತಿದ್ದದ್ದು ಶೆಡ್ಡಿನ ಅತ್ಯಂತ ದುಬಾರಿ ಮೀಟರಿಗೆ. ಆ ವರ್ಷ ಅವರು ತಟ್ಟೆ ಹಿಡಿದು ಮೀಟರನ್ನು ದಾಟಿ ನೇರವಾಗಿ ಮೂಲೆಗೆ ಹೋದರು. ನರಸಿಂಹಯ್ಯನವರ ಬೆಂಚಿಗೆ ಆರತಿ ಎತ್ತಿ, ಆ ಸವೆದ ಸ್ಕ್ರೂಡ್ರೈವರಿಗೆ ಕುಂಕುಮವಿಟ್ಟು, ಕುಂಬಳಕಾಯಿ ಒಡೆಯಲು ಅವರನ್ನೇ ಕೈಹಿಡಿದು ಬಾಗಿಲಿಗೆ ಕರೆದುಕೊಂಡು ಹೋದರು. ಅಲೈನ್‌ಮೆಂಟ್ ಯಂತ್ರ ಬೇಡ ಎಂದು ಬರೆದೆ, ಬೆಂಚು ನಿಮ್ಮದೇ ಎಂದು ದಾರಿಯಲ್ಲಿ ಹೇಳಿದರಂತೆ. ಕ್ಷಮೆ ಕೇಳಿ ಅಭ್ಯಾಸವಿಲ್ಲದ ಮನುಷ್ಯ ಅದಕ್ಕಿಂತ ಹೆಚ್ಚೇನು ಮಾಡಲಾರ. ನರಸಿಂಹಯ್ಯ ಕಾಯಿಯನ್ನು ಒಂದೇ ಏಟಿಗೆ ಒಡೆದರು. ಹಿಂದೆ ನಿಂತಿದ್ದ ನೀಲಾಂಬಿಕಾಳ ಕಣ್ಣು ತುಂಬಿ ಬಂತು, ಧೂಪದ ಹೊಗೆ ಎಂದು ಆಶಾರಾಣಿಗೆ ಹೇಳಿದಳು.

ಶಾಲೆ ತೆರೆದ ದಿನ ಮೂವರೂ ವಿಶ್ವನಾಥರ ಕಾರಿನಲ್ಲಿ ವರ್ತೂರಿಗೆ ಹೋದರು. ತಾನು ಹೊಂದಿಸಿದ ರಿಸೀವರು ಮಗುವಿನ ಕೈಗೆ ಹೋಗುವಲ್ಲಿಗೆ ನರಸಿಂಹಯ್ಯ ಹೋದದ್ದು ಅದೇ ಮೊದಲು. ಈ ಸಲ ಆರು ಕ್ಲಾಸುಗಳಲ್ಲೂ ಆರು ಟೀಚರುಗಳು ಒಟ್ಟಿಗೆ ಪಾಠ ಶುರು ಮಾಡಿದರು. ಮಗ್ಗಿ, ಪದ್ಯ, ಪರಿಸರ, ಎಲ್ಲ ಏಕಕಾಲಕ್ಕೆ. ಇಪ್ಪತ್ತು ನಿಮಿಷ ನೀಲಾಂಬಿಕಾ ಕಾರಿಡಾರಿನ ಕಂಬಕ್ಕೆ ಒರಗಿ ಉಗುರು ಕಚ್ಚುತ್ತ ನಿಂತಿದ್ದಳು. ಶಾಂತಿ ಟೀಚರು ಹೊರಗೆ ಬಂದರು. ಈ ಸಲವೂ ಮಾತಾಡದೆ ಸ್ಲೇಟುಗಳನ್ನು ಮುಂದಿಟ್ಟರು. ಮಳೆ, ಕೊಡೆ, ಶಾಲೆ, ಚಪ್ಪಲಿ, ಸಂತೆ. ಸಂಖ್ಯೆ ಒಂದೂ ಇರಲಿಲ್ಲ. ಸ ಮತ್ತು ಶ ಎಲ್ಲ ಸ್ಲೇಟಿನಲ್ಲೂ ಸರಿಯಾಗಿದ್ದವು. ವಿಶ್ವನಾಥ್ ಕಾಗದಪತ್ರಕ್ಕೆ ಸಹಿ ಹಾಕಲು ಹೆಡ್‌ಮಿಸ್ ಕೋಣೆಗೆ ಹೋದರು.

ಕಾರಿಡಾರಿನ ಕಲ್ಲುಬೆಂಚಿನ ಮೇಲೆ ಇಬ್ಬರೇ ಉಳಿದರು. ಸ್ಲೇಟಿನಲ್ಲಿ ಏನೇನು ಬರೆದಿತ್ತು ಎಂದು ನರಸಿಂಹಯ್ಯ ಕೇಳಿದರು. ಅವಳು ಒಂದೊಂದಾಗಿ ಓದಿದಂತೆ ಹೇಳಿದಳು. ಅವರು ಪ್ರತಿ ಪದಕ್ಕೂ ತಲೆದೂಗಿದರು. ಇವತ್ತು ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎಂದು ಅವಳಿಗೆ ಅನಿಸಿತು.

“ನರಸಿಂಹಣ್ಣ, ಅವತ್ತು ಸಾರ್‌ಗೆ ಅಲೈನ್‌ಮೆಂಟ್ ತಪ್ಪಿರ್ಬೋದು ಅಂತ ಮೊದಲು ಹೇಳಿದ್ದು ನಾನು. ನಿಮ್ಮ ಮೇಲೆ ಹಾಕಿದ್ದು ನಾನೇ.”

“ಗೊತ್ತು ಮೇಡಂ.”

ಅವಳಿಗೆ ಅರ್ಥವಾಗಲಿಲ್ಲ. ವಿಶ್ವನಾಥ್ ಹೇಳಿದರೇ ಎಂದು ಕೇಳಿದಳು.

“ಅವರ್ಯಾಕೆ ಯೋಳ್ತಾರೆ. ಅವತ್ತು ಸಾಯಂಕಾಲ ರಜೆ ಕೇಳವಾ ಅಂತ ಬಂದು ಕ್ಯಾಬಿನ್ ಆಚೆ ಸ್ಟೂಲ್ ಮೇಲೆ ಕೂತಿದ್ದೆ. ಎಲ್ಲಾ ಕೇಳ್ಸ್ತು. ನೀವು ಆಚೆ ಬರೋಕೆ ಮುಂಚೆ ಎದ್ದು ಹೊಂಟೋದೆ.”

ಒಳಗೆ ಯಾವುದೋ ಕ್ಲಾಸಿನಲ್ಲಿ ಮಕ್ಕಳು ಒಟ್ಟಾಗಿ ಏನನ್ನೋ ಹೇಳುತ್ತಿದ್ದರು. ನೀಲಾಂಬಿಕಾಳಿಗೆ ಅದರ ಮಾರನೆಯ ಬೆಳಿಗ್ಗೆಯ ಚಿತ್ರ ಕಣ್ಣಿಗೆ ಕಟ್ಟಿತು. ಅವಳು ಅವರ ತಪ್ಪು ಹಿಡಿಯಲು ಹೋದದ್ದು, ಅವರು ಹೆಜ್ಜೆ ಸದ್ದು ಗುರುತಿಸಿ ಸ್ಟೂಲು ಎಳೆದದ್ದು. ತನ್ನ ಅನ್ನಕ್ಕೆ ಕಲ್ಲು ಹಾಕಿದವಳು ಬರುತ್ತಿದ್ದಾಳೆ ಎಂದು ಗೊತ್ತಿದ್ದೇ ಎಳೆದಿದ್ದರು.

“ಮತ್ತೆ ಮಾರನೇ ಬೆಳಿಗ್ಗೆ ನನ್ನ ಕೈಗೆ ಯಾಕೆ ಕೊಟ್ರಿ ನಿಮ್ಮ ಸ್ಕ್ರೂಡ್ರೈವರನ್ನ?”

ನರಸಿಂಹಯ್ಯ ಸ್ವಲ್ಪ ಯೋಚಿಸಿದರು. ಅದಕ್ಕೆ ಯೋಚಿಸಬೇಕಾದ ಉತ್ತರವಿದೆ ಎಂದು ಅವರಿಗೆ ಅಲ್ಲಿಯವರೆಗೆ ಅನಿಸಿದ್ದಂತೆ ಕಾಣಲಿಲ್ಲ.

“ನಿಮ್ಗೆ ಗೊತ್ತಿರ್ಲಿಲ್ಲ, ಅದಕ್ಕೆ. ಗೊತ್ತಿಲ್ದಿರೋರ್ಗೇ ಅಲ್ವಾ ಯೋಳ್ಕೊಡೋದು.”

ಅವಳು ಬೆಂಚಿನಿಂದ ಇಳಿದು, ಬಗ್ಗಿ, ಎರಡೂ ಕೈಗಳಿಂದ ಅವರ ಪಾದ ಮುಟ್ಟಿದಳು. ಯಾರು ನೋಡುತ್ತಿದ್ದಾರೆ ಎಂದು ಅವಳು ನೋಡಲಿಲ್ಲ. ಜೀವನದಲ್ಲಿ ಎಷ್ಟೋ ಮೇಷ್ಟರುಗಳಿಗೆ ನಮಸ್ಕಾರ ಮಾಡಿದ್ದಳು, ಪರೀಕ್ಷೆಗೆ ಮೊದಲು, ಪರೀಕ್ಷೆ ಮುಗಿದ ಮೇಲೆ. ಇಷ್ಟು ತುಂಬಿದ ಮನಸ್ಸಿನಿಂದ ಮಾಡಿದ್ದು ಇದೊಂದೇ. ಪಾದಕ್ಕೆ ಕೈ ತಾಗಿದ್ದೇ ನರಸಿಂಹಯ್ಯ ಗಾಬರಿಯಾಗಿ ಕಾಲು ಹಿಂದಕ್ಕೆಳೆದುಕೊಂಡರು.

“ಏಳಿ ಮೇಡಂ, ಏಳಿ. ಚಪ್ಲಿ ತುಂಬಾ ಮಣ್ಣೈತೆ.”